ಎದೆಯ ಮೇಲಿನ ಕರಡಿಗೆ

"ಇದನ್ನ ತೆಗೀಬೇಕಾಗ್ತದ್ರಿ ಅಕ್ಕಾ," ಎಂದು ಹರ್ಷದಾ ಶಿವಪ್ರಕಾಶನ ಎದೆಯ ಮೇಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ತೋರಿಸಿದಾಗ ಶಿವದೇವಿ ಅದರ ಮೇಲೆ ತನ್ನ ಕೈ ಅಡ್ಡ ಇಟ್ಟಳು.

ತೆಲುಗು ಸೀಮೆಯ ಲಿಂಗಂಪಲ್ಲಿಯ ಆ ಆಸ್ಪತ್ರೆಯಲ್ಲಿ ಶಿವದೇವಿಯ ಗಂಡ ಶಿವಪ್ರಕಾಶ ನ್ಯುಮೋನಿಯಾದಿಂದ ವೆಂಟಿಲೇಟರ್ ಮೇಲಿದ್ದ. ಬಾಯೊಳಗಿನ ಕೊಳವೆ ಕಿತ್ತುಕೊಳ್ಳದಿರಲೆಂದು ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಎದೆಯಲ್ಲಿ ಕಫ ಗಟ್ಟಿಯಾಗಿ ಕೂತಿದೆ, ತಟ್ಟಿ ಸಡಿಲಿಸಿ ಹೊರಗೆಳೆಯದಿದ್ದರೆ ಉಸಿರು ಸಾಲುವುದಿಲ್ಲ ಎಂದಿದ್ದಳು ಫಿಸಿಯೋಥೆರಪಿಯ ಹರ್ಷದಾ. ಬೀದರ್ ಕಡೆಯ ಹುಡುಗಿ. ಕನ್ನಡದಲ್ಲೇ ಹೇಳಿದ್ದರಿಂದ, ಅರ್ಥವಾಗಲಿಲ್ಲವೆಂದು ತಪ್ಪಿಸಿಕೊಳ್ಳುವ ದಾರಿಯೂ ಶಿವದೇವಿಗೆ ಉಳಿಯಲಿಲ್ಲ.

ತೋಳಿಗೆ ಕಟ್ಟೋಣವೆಂದರೆ ಒಂದರಲ್ಲಿ ಬಿಪಿ ಪಟ್ಟಿ, ಇನ್ನೊಂದರಲ್ಲಿ ಸಲೈನ್. ಕೊರಳಲ್ಲೇ ಬಿಡೋಣವೆಂದರೆ ಅಲ್ಲೂ ಸೂಜಿ. ಮಗ್ಗುಲಾಗಿಸಿದರೆ ದಾರ ಅದನ್ನೇ ಜಗ್ಗುತ್ತಿತ್ತು.

ಶಿವದೇವಿ ಹೊರಬಂದು ಹೇಳಿದಳು. ಅಲ್ಲಿ ಕೂತಿದ್ದ ಭಾವ ಗುರುಶಾಂತ ಕೇಳಿದವರೇ ಸಿಡಿಮಿಡಿಗೊಂಡರು. ಈ ಮನುಷ್ಯ ಬಂದಾಗಿನಿಂದ ಮಾಡಿದ್ದೆಂದರೆ ಕ್ಯಾಂಟೀನಿನ ಚಹಾ ಸರಿಯಿಲ್ಲವೆಂದು ಹೆಸರಿಟ್ಟಿದ್ದು. ಈಗ ಮಾತ್ರ ಮನೆಯ ಹಿರಿಯರಾಗಿಬಿಟ್ಟರು. ದೀಕ್ಷೆಯಲ್ಲಿ ಅಯ್ಯನವರು ಕಟ್ಟಿದ ಲಿಂಗ, ಜೀವ ಇರುವತನಕ ಮೈ ಬಿಡಬಾರದು ಎಂದು ಶುರುಮಾಡಿದರು.

"ನಾಳೆ ಏನರ ಆತಂದ್ರ ನನ್ನ ತಮ್ಮ ಲಿಂಗ ಇಲ್ದ ಹೋದಂಗ ಆಗ್ತೈತಿ. ಆ ಮಾತು ನಿನ್ನ ಮ್ಯಾಲ ಬರತೈತಿ, ನೋಡವಾ."

ಶಿವದೇವಿಗೂ ಅದೇ ಭಯ. ತನ್ನ ಲಿಂಗವನ್ನು ಹೆರಿಗೆಯಲ್ಲೂ ಬಿಟ್ಟವಳಲ್ಲ ಅವಳು. ಅಡಕತ್ತರಿಯಲ್ಲಿ ಸಿಕ್ಕಂತಾಗಿತ್ತು. ಗಾಜಿನಾಚೆ ಗಂಡನ ಎದೆ ಯಂತ್ರ ದಬ್ಬಿದಷ್ಟೇ ಏಳುತ್ತಿತ್ತು. ನೋಡುತ್ತ ನೋಡುತ್ತ ಅವಳಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

"ಮೊದ್ಲ ಅವ್ರು ಉಸರಾಡ್ಲಿರಿ, ಭಾವಾರ," ಎಂದಳು. ಮದುವೆಯಾದ ಮೇಲೆ ಭಾವನಿಗೆ ಎದುರಾಡಿದ್ದು ಇದೇ ಮೊದಲು.

ಒಳಗೆ ಹೋಗಿ ಕೈ ತೊಳೆದು, ದಾರ ಬಿಚ್ಚಿ, ಕರಡಿಗೆಯನ್ನು ಎಡ ಅಂಗೈಯಲ್ಲಿ ಹಿಡಿದು ಮೂಲೆಯಲ್ಲಿ ನಿಂತಳು. ಹರ್ಷದಾ ಮಗ್ಗುಲಾಗಿಸಿ, ಅಂಗೈ ಬೊಗಸೆ ಮಾಡಿ ಬೆನ್ನು ತಟ್ಟತೊಡಗಿದಳು. ಪ್ರತಿ ಪೆಟ್ಟಿಗೂ ಶಿವದೇವಿಯ ಬೆನ್ನೇ ಝುಮ್ಮೆನ್ನುತ್ತಿತ್ತು. ಆಮೇಲೆ ಸಣ್ಣ ನಳಿಕೆಯಲ್ಲಿ ಹಳದಿ ಕಫ ಗೊರಗೊರ ಎನ್ನುತ್ತ ಬಂತು. ಪರದೆಯ ಮೇಲೆ ಆಮ್ಲಜನಕದ ಅಂಕಿ ಏರಿತು. ಶಿವದೇವಿಗೆ ಹೋದ ಜೀವ ಬಂದಂತಾಯಿತು.

"ಸಂಜಿಗಿ ಮತ್ತ ಮಾಡ್ಬೇಕ್ರಿ," ಎಂದಳು ಹರ್ಷದಾ. "ನಾಳೀಗೂ. ಅಲ್ಲೀತನಕ ಕಟ್ಟಬ್ಯಾಡ್ರಿ."

ಒಮ್ಮೆ ಕಣ್ಣು ಮುಚ್ಚಿ ಮಾಡಿ ಮುಗಿಸಿದೆ ಅಂದುಕೊಂಡಿದ್ದಳು ಶಿವದೇವಿ. ಅಷ್ಟರಲ್ಲಿ ಶಿವಪ್ರಕಾಶ ಕಣ್ಣು ತೆರೆದ. ಕಟ್ಟಿದ ಕೈ ಎದೆಯ ಕಡೆಗೆ ಜಗ್ಗಿತು, ತಲುಪಲಿಲ್ಲ, ಮತ್ತೆ ಜಗ್ಗಿತು. ಕಣ್ಣಂಚಿನಿಂದ ನೀರಿಳಿಯಿತು.

"ಇಲ್ಲೇ ಐತ್ರಿ," ಎಂದು ಅವಳು ಅವನ ಎಡ ಅಂಗೈ ಬಿಡಿಸಿ, ಪೂಜೆಗೆ ಕೂತಾಗ ಇಡುವಂತೆ, ಕರಡಿಗೆ ಇಟ್ಟಳು. ಬಾತ ಬೆರಳುಗಳು ಮಡಚಲಿಲ್ಲ. ಅವಳು ಅವುಗಳ ಕೆಳಗೆ ತನ್ನ ಕೈ ಕೊಟ್ಟಳು. ಅವನ ಕೈ ಜಗ್ಗುವುದನ್ನು ನಿಲ್ಲಿಸಿತು.

ಭೇಟಿಯ ವೇಳೆ ಮುಗಿಯಿತೆಂದು ನರ್ಸ್ ತೆಲುಗಿನಲ್ಲಿ ಹೇಳಿದಳು, ಮತ್ತೆ ಹೇಳಿದಳು. ಕೈ ತೆಗೆದರೆ ಲಿಂಗ ನೆಲಕ್ಕೆ ಬೀಳುತ್ತಿತ್ತು. ಶಿವದೇವಿ ಕೈ ಅಲುಗಿಸದೆ ನಿಂತಳು.