ಕೈ ಎಷ್ಟು ದೂರ

ಮೊದಲ ಏಟು ಕಿವಿಯ ಮೇಲೆ ಬಿತ್ತು. ಪ್ರೋಗ್ರಾಮರ್ ಕುರ್ಚಿಸಮೇತ ಉರುಳಿದ. ಎರಡನೆಯದು ಬೂಟುಗಾಲಿನ ಒದೆತ. ಪಕ್ಕೆಲುಬಿನಲ್ಲಿ ಏನೋ ಲಟಕ್ಕೆಂದಿತು.

"ಏಳೋ, ಕೀಬೋರ್ಡ್ ಪಂಡಿತ! ನನ್ನ ತಮ್ಮ ಬಲಗೈ ಕಳ್ಕೊಂಡು ಆಸ್ಪತ್ರೇಲಿ ಬಿದ್ದಿದಾನೆ. ನೀನಿಲ್ಲಿ ಕಾಲು ಚಾಚ್ಕೊಂಡು ಕೂತಿದೀಯಾ? ಬೀಗರ ಕಡೆಯೋನು ಅಂತ ಇನ್ನೂ ಜೀವ ಇಟ್ಟಿದೀನಿ."

ವೆಲ್ಡರ್ ಗೂಳಿಯ ಕೈಯಲ್ಲಿ ಕಬ್ಬಿಣದ ಸರಳಿತ್ತು. ಹಿಂದಿನ ದಿನ ಇದೇ ವರ್ಕ್‌ಶಾಪಿನ ತಗಡು ಒತ್ತುವ ಪ್ರೆಸ್ಸು ಅವನ ತಮ್ಮನ ಮುಂಗೈಯನ್ನು ತಗಡಿನೊಂದಿಗೆ ಜಜ್ಜಿಹಾಕಿತ್ತು. ಆ ತಮ್ಮ ಪ್ರೋಗ್ರಾಮರನ ಅಕ್ಕನ ಗಂಡ.

"ಕೈ ನೋಡೋ ಸೆನ್ಸರಿಗೆ ಎಣ್ಣೆ ಮೆತ್ಕೊಂಡಿತ್ತು, ಅಣ್ಣ..."

"ಮೆತ್ಕೊಂಡ್ರೆ ಮಷೀನು ನಿಲ್ಬೇಕಲ್ವಾ?"

ನಿಲ್ಲಬೇಕಿತ್ತು. ಅಚ್ಚಿನಿಂದ ಕೈ ಎಷ್ಟು ದೂರವಿದೆಯೆಂದು ಹೇಳುವುದಕ್ಕಾಗಿ ಪ್ರೋಗ್ರಾಮರ್ ಪ್ರೆಸ್ಸಿನ ತಂತ್ರಾಂಶದಲ್ಲೊಂದು ಫಂಕ್ಷನ್ ಬರೆದಿದ್ದ. ಪ್ರೋಗ್ರಾಮಿನ ಭಾಷೆ ಕಟ್ಟುನಿಟ್ಟಿನದು: ಸಂಖ್ಯೆ ಕೊಡುವೆನೆಂದು ಘೋಷಿಸಿದ ಫಂಕ್ಷನ್ ಸಂಖ್ಯೆಯನ್ನಷ್ಟೇ ಹಿಂದಿರುಗಿಸಬೇಕು. ಸೆನ್ಸರ್ ಕುರುಡಾದಾಗ ಹೇಳಬೇಕಾದ 'ಗೊತ್ತಿಲ್ಲ' ಎಂಬುದು ಸಂಖ್ಯೆಯಲ್ಲ. ಆ ಜಾಗದಲ್ಲಿ ಅವನು ೯೯೯೯ ಎಂದು ತುಂಬಿದ್ದ. ಕೈ ಬಹುದೂರದಲ್ಲಿದೆಯೆಂದು ನಂಬಿದ ಪ್ರೆಸ್ಸು ಇಳಿದಿತ್ತು.

ಗೂಳಿ ಅವನ ಕಾಲರ್ ಹಿಡಿದು ಪ್ರೆಸ್ಸಿನತ್ತ ದರದರನೆ ಎಳೆದ. "ಇವತ್ತು ನಿನ್ನ ಕೈ ಇಡು."

"ಸರಿ ಮಾಡ್ತೀನಿ ಅಣ್ಣ! ಸ್ವಲ್ಪ ಹೊತ್ತು ಕೊಡಿ!"

"ಮಾಡು. ಆಮೇಲೆ ಇಡು."

ಮೂಗಿನ ರಕ್ತ ಕೀಲಿಮಣೆಯ ಮೇಲೆ ತೊಟ್ಟಿಕ್ಕುತ್ತಿರುವಾಗಲೇ ಅವನು ಫಂಕ್ಷನ್ನಿನ ಘೋಷಣೆಯನ್ನು ತಿದ್ದಿದ: ಹಿಂದಿರುಗುವುದು ದೂರ, ಇಲ್ಲವೇ ದೋಷ. ಒಡನೆಯೇ ಪರದೆಯ ತುಂಬ ಕೆಂಪು ಸಾಲುಗಳು. ಬಂದದ್ದು ಎರಡರಲ್ಲಿ ಯಾವುದೆಂದು ವಿಚಾರಿಸದೆ, ಬರೆದದ್ದನ್ನು ಪರೀಕ್ಷಿಸಿ ಯಂತ್ರಭಾಷೆಗಿಳಿಸುವ ಕಂಪೈಲರ್ ಒಂದು ಹೆಜ್ಜೆಯನ್ನೂ ಮುಂದಿಡಗೊಡಲಿಲ್ಲ. ಫಂಕ್ಷನ್ ಬಳಕೆಯಾದಲ್ಲೆಲ್ಲ, ದೋಷ ಬಂದರೆ ಪ್ರೆಸ್ಸು ನಿಲ್ಲಬೇಕೆಂದು ಅವನು ಬರೆದ. ಕೆಂಪು ಅಳಿಯಿತು. ಹೊಸ ಪ್ರೋಗ್ರಾಮನ್ನು ಪ್ರೆಸ್ಸಿಗೆ ಏರಿಸಿದ.

ಗೂಳಿ ಸೆನ್ಸರಿಗೆ ಗ್ರೀಸು ಬಳಿದ; ಪ್ರೋಗ್ರಾಮರನ ಬಲಗೈಯನ್ನು ತಿರುಚಿ ಅಚ್ಚಿನ ಮೇಲೆ ಒತ್ತಿಹಿಡಿದ; ಪೆಡಲ್ ತುಳಿದ.

ಪ್ರೆಸ್ಸು ಗುರ್ರೆಂದಿತು. ನೆಲ ಅದುರಿತು. ಪ್ರೋಗ್ರಾಮರ್ ಕಣ್ಣು ಮುಚ್ಚಿ ಚೀರಿದ.

ಕೆಂಪು ದೀಪ ಹೊತ್ತಿತು. ಮೇಲಿನ ಉಕ್ಕಿನ ದಿಮ್ಮಿ ಇದ್ದಲ್ಲೇ ಇತ್ತು.

"ನಿಂತ್ಕೊಳ್ತು!" ಅವನು ಅಳುತ್ತಲೇ ನಕ್ಕ. "ನೋಡಿ ಅಣ್ಣ, ನಿಂತ್ಕೊಳ್ತು!"

ಗೂಳಿ ಹಿಡಿತ ಸಡಿಲಿಸಲಿಲ್ಲ.

"ನಿಂತ್ಕೊಳ್ತು. ಬೀಡಿ ಸೇದಿ ಮುಗಿಸೋದ್ರೊಳಗೆ ಮಾಡ್ಬಿಟ್ಟೆ." ಅವನ ದನಿ ಇದ್ದಕ್ಕಿದ್ದಂತೆ ತಗ್ಗಿತು. "ಹಿಂಗೂ ಮಾಡ್ಬಹುದು ಅಂತ ಮೊದ್ಲೇ ಗೊತ್ತಿತ್ತೇನೋ?"

ಸುಳ್ಳು ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಆಸ್ಪತ್ರೆಯ ಹಾಸಿಗೆಯ ಬಳಿ ಕುಳಿತ ಅಕ್ಕನ ಮುಖ ಕಣ್ಣಮುಂದೆ ಬಂತು.

"ಗೊತ್ತಿತ್ತು. ಎಲ್ಲಾ ಕಡೆ ತಿದ್ಬೇಕಲ್ಲ, ಆಮೇಲೆ ನೋಡ್ಕೊಳ್ಳೋಣ ಅಂತ..."

ಗೂಳಿ ಸರಳನ್ನೆತ್ತಿ, ಅಚ್ಚಿನ ಮೇಲೆ ಚಾಚಿದ್ದ ಬೆರಳುಗಳ ಮೇಲೆ ಬೀಸಿದ.