ಸುಗಂಧಾಬಾಯಿಯ ಜಪಮಾಲೆ

ಮೀನಲ ಜೋಳದ ಪೀಪಾಯಿಗೆ ಮೊಣಕೈತನಕ ಕೈ ತೂರಿಸಿ ತಡಕಾಡುತ್ತಿದ್ದಳು. ಹೊರಗೆ ಅಂಗಳದಲ್ಲಿ ಅವ್ವನನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಆಗಿತ್ತು. ನಿಲಂಗಾದ ಪ್ರೊಟೆಸ್ಟೆಂಟ್ ಮಂದಿಯೆಲ್ಲ ಮಣ್ಣಿಗೆ ಬಂದು ಕೂತಿದ್ದರು. ಮಗಳು ನೋಡಿದರೆ ಅಡುಗೆಮನೆಯಲ್ಲಿ ಜೋಳ ಕಲಕುತ್ತಿದ್ದಾಳೆ! ಕಂಡವರು ತಲೆ ಕೆಟ್ಟಿದೆ ಅಂದಾರು. ಅನ್ನಲಿ. ತಿಂಗಳ ಹಿಂದೆ ಅವ್ವನ ದಿಂಬಿನಡಿಯ ಜಪಮಾಲೆಯನ್ನು ಕದ್ದು ಇಲ್ಲಿ ಹೂತಿಟ್ಟವಳು ಇವಳೇ, ಈಗ ಹುಡುಕಬೇಕಾದವಳೂ ಇವಳೇ.

ಬೆರಳಿಗೆ ಕಟ್ಟಿಗೆಯ ಮಣಿ ತಾಕಿತು.

* * *

ಮೀನಲಳ ಅವ್ವ ಸುಗಂಧಾಬಾಯಿ ಮೂವತ್ತು ವರ್ಷ ಚರ್ಚಿನ ಹಾಸ್ಟೆಲ್ಲಿನ ಹುಡುಗಿಯರಿಗೆ ರೊಟ್ಟಿ ಬಡಿದವಳು. ಒಂದು ಆದಿತ್ಯವಾರವೂ ಚರ್ಚು ತಪ್ಪಿಸಿದವಳಲ್ಲ. ಗಂಡ ಗುರುಶಾಂತ ಕುಡಿದ ಅಮಲಿನಲ್ಲಿ ದಾಳಿಂಬ ಊರಿನ ರಸ್ತೆಯಲ್ಲಿ ಟ್ರ್ಯಾಕ್ಟರಿನ ಕೆಳಗೆ ಸಿಕ್ಕು ಸತ್ತಾಗ, ಅವನಿಗಾಗಿ ಒಂದು ಪ್ರಾರ್ಥನೆ ಮಾಡಿರೆಂದು ಅಂದಿನ ಪಾಸ್ಟರನ್ನು ಕೇಳಿದ್ದಳು. ಸತ್ತವರಿಗಾಗಿ ಪ್ರಾರ್ಥಿಸುವುದು ನಮ್ಮಲ್ಲಿಲ್ಲ, ನಿನಗಾಗಿ ಪ್ರಾರ್ಥಿಸಿಕೋ ಎಂದು ಅವರು ಹೇಳಿ ಕಳಿಸಿದ್ದರು.

ಆ ಮಾತನ್ನು ಹನ್ನೆರಡು ವರ್ಷ ನುಂಗಿಕೊಂಡೇ ಇದ್ದಳು. ಆಮೇಲೊಂದು ನವೆಂಬರಿನಲ್ಲಿ ಕಣ್ಣು ತೋರಿಸಲು ಉದಗೀರಿಗೆ ಹೋದವಳು, ಅಲ್ಲಿನ ಚರ್ಚಿನಲ್ಲಿ ಕಥೋಲಿಕರು ಸತ್ತವರ ಹೆಸರು ಒಂದೊಂದಾಗಿ ಹೇಳಿ ಪ್ರಾರ್ಥಿಸುವುದನ್ನು ಕೇಳಿದಳು. ಬಾಗಿಲಲ್ಲೇ ನಿಂತು ತಾನೂ ಗುರುಶಾಂತನ ಹೆಸರು ಹೇಳಿದಳು. ಯಾರೂ ಬೇಡ ಅನ್ನಲಿಲ್ಲ. ಅಂದಿನಿಂದ ಪ್ರತಿ ಶನಿವಾರ ಮುದುಕರ ಅರ್ಧ ತಿಕೀಟಿನಲ್ಲಿ ಎಸ್‌ಟಿ ಬಸ್ಸು ಹತ್ತಿ ಉದಗೀರಿಗೆ ಹೊರಟೇಬಿಡುತ್ತಿದ್ದಳು. ವರ್ಷ ತುಂಬುವುದರೊಳಗೆ ಕೈಗೆ ಕಥೋಲಿಕರ ಜಪಮಾಲೆಯೂ ಬಂತು.

ಮೀನಲ ರೇಗಾಡಿದಳು. ಮಂದಿ ಏನಂದಾರು, ಕಾಕಾ ಚರ್ಚಿನ ಹಿರಿಯ ಇದ್ದಾನೆ, ಅವನ ಮರ್ಯಾದೆ ಏನಾಗಬೇಕು ಎಂದೆಲ್ಲ ಕೂಗಿದಳು. ಸುಗಂಧಾಬಾಯಿ ಹಿಟ್ಟು ನಾದುತ್ತಲೇ ಕೇಳಿಸಿಕೊಂಡಳು.

“ನಿಮ್ಮಪ್ಪ ಕುಡಕ ಇದ್ದ, ಖರೆ. ಸತ್ತಾನಂತ ನಾ ಅವನ ಕೈ ಬಿಡಲೇನು?”

ಮಾಲೆ ಕಾಣೆಯಾದ ಮೇಲೆ ಅವ್ವ ಯಾರನ್ನೂ ಏನೂ ಕೇಳಲಿಲ್ಲ. ಕಾಯಿಲೆಯ ಹಾಸಿಗೆಯಲ್ಲಿ ಮಲಗಿ, ಹೆಬ್ಬೆರಳನ್ನು ಬೆರಳಿನ ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತ ಎಣಿಸಿಕೊಂಡಳು. ಎಣಿಸುತ್ತಲೇ ಹೋದಳು. ಅದನ್ನು ಮೀನಲ ಬಾಗಿಲಲ್ಲಿ ನಿಂತು ನೋಡಿದ್ದಳು.

* * *

ಮಾಲೆಯನ್ನು ಅವ್ವನ ಕೈಗೆ ಸುತ್ತಿದ್ದೇ ತಡ, ಅಂಗಳದಲ್ಲಿ ಗುಸುಗುಸು ಎದ್ದಿತು. ಗುರುಶಾಂತನ ತಮ್ಮ, ಚರ್ಚಿನ ಹಿರಿಯನಾದ ಕಾಕಾ ಶ್ರೀಮಂತ, ದಡದಡನೆ ಬಂದ. ಅದನ್ನು ತೆಗೆಯದಿದ್ದರೆ ಪಾಸ್ಟರ್ ಪ್ರಾರ್ಥನೆ ನಡೆಸುವುದಿಲ್ಲ ಎಂದ. ಪಾಸ್ಟರ್, ಪಾಪ, ಊರಿಗೆ ಹೊಸಬರು. ಪ್ರಾರ್ಥನೆಯ ಪುಸ್ತಕ ಎದೆಗವಚಿಕೊಂಡು ನೆಲ ನೋಡುತ್ತಿದ್ದರು.

“ತಗೀ ಮೀನಲ. ಆಕಿ ನಮ್ಮಾಕಿ.”

“ನಿಮ್ಮಾಕೀನೇ ಇದ್ದಳು, ಕಾಕಾ. ಒಮ್ಮೆ ಕಸಗೊಂಡೀನಿ, ಇನ್ನೊಮ್ಮೆ ಕಸಗೊಳ್ಳಾಂಗಿಲ್ಲ. ಪುಸ್ತಕ ತೆರಿಯೋದು ಆಗಲಿಲ್ಲಂದ್ರ ಮುಚ್ಚೇ ಇಡ್ರಿ. ಅಪ್ಪನ ಬಾಜೂಕ ಕುಣಿ ತೋಡ್ಯಾರ, ನಾನೇ ಮಣ್ಣು ಕೊಡತೀನಿ.”

ಅಂದಳೇನೋ ಅಂದಳು. ಕುಣಿಯ ಹತ್ತಿರ ಪೆಟ್ಟಿಗೆ ಇಳಿಸಿದಾಗ ಪುಸ್ತಕ ಮುಚ್ಚಿಯೇ ಇತ್ತು. ಮೀನಲ ತೆರೆದ ಪೆಟ್ಟಿಗೆಯ ಬಳಿ ಮೊಣಕಾಲೂರಿ ಅವ್ವನ ಕೈಯಲ್ಲಿದ್ದ ಮೊದಲ ಮಣಿ ಹಿಡಿದಳು. ಅದಕ್ಕೆ ಏನು ಹೇಳಬೇಕೋ ಯಾರಿಗೆ ಗೊತ್ತು! ಕಲಿಸುವವಳನ್ನು ಇವಳು ಬೈದೇ ಕಳೆದಿದ್ದಳು. ಬರುತ್ತಿದ್ದದ್ದು ಕರ್ತನ ಪ್ರಾರ್ಥನೆ ಒಂದೇ. ಅದನ್ನೇ ಹೇಳಿದಳು. ಎರಡನೇ ಮಣಿಗೂ ಅದನ್ನೇ, ಮೂರನೆಯದಕ್ಕೂ ಅದನ್ನೇ. ಕಥೋಲಿಕರು ಕೇಳಿದ್ದರೆ ನಗುತ್ತಿದ್ದರು. ಆದರೆ ಅಲ್ಲಿದ್ದವರಿಗೆಲ್ಲ ತೊಟ್ಟಿಲಿನಿಂದ ಬಂದ ಪ್ರಾರ್ಥನೆ ಅದು. ಒಬ್ಬರು ಹೇಳುವಾಗ ಸುಮ್ಮನಿರುವುದು ಯಾರಿಗೂ ರೂಢಿಯಿಲ್ಲ. ಐದನೇ ಮಣಿಗೆ ಹೆಂಗಸರು ದನಿಗೂಡಿಸಿದರು. ಹತ್ತನೆಯದಕ್ಕೆ ಪಾಸ್ಟರ್ ಕೂಡ.

ಮಾಲೆ ಮುಗಿದಾಗ ಮೀನಲ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

“ಗುರುಶಾಂತನ ಸಲುವಾಗಿ. ಸುಗಂಧಾನ ಸಲುವಾಗಿ.”

ಸತ್ತ ಗುರುಶಾಂತನ ಹೆಸರು ಆ ನೆಲದ ಮೇಲೆ ಪ್ರಾರ್ಥನೆಯಲ್ಲಿ ಬಂದದ್ದು ಅದೇ ಮೊದಲು. ಎಲ್ಲರೂ ಶ್ರೀಮಂತನ ಕಡೆ ತಿರುಗಿದರು. ಅವನ ಎಡಗೈ ಮುಷ್ಟಿಯಲ್ಲಿ ಅತ್ತಿಗೆಗೆ ಕೊಡಬೇಕಾದ ಮಣ್ಣು ಹಾಗೇ ಇತ್ತು. ಬಲಗೈಯ ಹೆಬ್ಬೆರಳು ಒಂದು ಗೆಣ್ಣಿನಿಂದ ಇನ್ನೊಂದು ಗೆಣ್ಣಿಗೆ ಸರಿಯುತ್ತಿತ್ತು.