ಆರಡಿ ಮಂಚ, ಒಂಬತ್ತಡಿ ಕೋಣೆ

ವಾರ್ನಿಶ್ ವಾಸನೆ ಮೂಗಿನಲ್ಲಿ ನಿಲ್ಲದೆ ನೇರ ನೆತ್ತಿಗೇ ಹತ್ತುತ್ತದೆ, ಹೊಸದು ಹೊಸದು ಎಂದು ಸಾರುವ ವಾಸನೆ, ಕೋಣೆಯ ತುಂಬ ಮಂಚ, ಮಂಚದ ಸುತ್ತ ಮಿಕ್ಕಿದ್ದಷ್ಟೇ ಕೋಣೆ — ಇರಲಿ, ರೈಟಣ್ಣ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತು ನೋಡುತ್ತಾನೆ, ನಲವತ್ತು ಸೀಟಿನ ಬಸ್ಸಿನಲ್ಲಿ ತೊಂಬತ್ತು ಜನರನ್ನು ಕೂರಿಸಿ ನಿಲ್ಲಿಸಿ ನೇತುಹಾಕಿ ಇಪ್ಪತ್ತಾರು ವರ್ಷ ರೈಟ್ ರೈಟ್ ಎಂದು ಓಡಿಸಿದ ಕಂಡಕ್ಟರಿಗೆ ಒಂದು ಮಂಚ, ಒಂದು ಬೀರು, ಒಬ್ಬಳು ಹೆಂಡತಿ ಯಾವ ಲೆಕ್ಕ — ಹೆಂಡತಿ, ಇನ್ನೂ ಆಗಿಲ್ಲ, ಸೋಮವಾರ ರಿಜಿಸ್ಟ್ರಾರ್ ಕಚೇರಿಯಲ್ಲಿ ಎರಡು ಸಹಿ ಬಿದ್ದ ಮೇಲೆ, ಅದಕ್ಕೂ ಮೊದಲು ಇವತ್ತು ನಾಲ್ಕು ಗಂಟೆಗೆ ಆಕೆ ಬಂದು ಕೋಣೆ ನೋಡಬೇಕು. ಹೂಂ ಅನ್ನಿಸಿದ್ರೆ ಸಹಿ, ಉಹೂಂ ಅನ್ನಿಸಿದ್ರೆ ನೀವು ನಿಮ್ಮ ಬಸ್ಸು ಹತ್ತಿ, ನಾನು ನನ್ನ ಮನೆಗೆ ನಡೀತೀನಿ, ಅಂದಿದ್ದಳು, ನಗಲೂ ಇಲ್ಲ. ಅಂಚೆ ಕಚೇರಿಯ ಕೌಂಟರಿನ ಹೆಂಗಸು, ಮೊಹರು ಗುದ್ದಿದ ಹಾಗೆಯೇ ಮಾತು, ಒಂದೇ ಏಟು, ಒರೆಸಿದರೆ ಹೋಗದು. ಒಡವೆ ಬೇಡ, ಅಡುಗೆ ಇಬ್ಬರೂ ಸೇರಿ ಮಾಡೋಣ, ಮಂಚದಿಂದ ಮಾತ್ರ ನಾನು ನನ್ನ ಕಡೆಯಿಂದ ಇಳೀಬೇಕು, ಯಾರನ್ನೂ ದಾಟಬಾರದು, ಯಾರನ್ನೂ ಎಬ್ಬಿಸಬಾರದು, ಅಷ್ಟೇ. ಅಷ್ಟೇನಾ! ಎಂದು ಅವನು ಎದೆ ತಟ್ಟಿಕೊಂಡಿದ್ದ, ಆಗಿನ್ನೂ ಮಂಚ ಅವನ ತಲೆಯಲ್ಲಿ ಐದಡಿ ಅಗಲ ಇತ್ತು, ಆರನೆಯ ಅಡಿ ಅಕ್ಕನದು — ಐದು ಸಾಕು ಕಣಕ್ಕಾ ಅಂದರೆ ಅಕ್ಕ, ಅಕ್ಕನ ದನಿ ಅವನ ಗಂಟಲಿಗೆ ತಾನಾಗಿ ಬರುತ್ತದೆ, ಮೂಗಿನಿಂದ ಹೊರಟು ಕೊನೆಗೆ ಉದ್ದಕ್ಕೆ ಎಳೆದುಕೊಂಡು, ಇಬ್ಬರೂ ಐವತ್ತು ದಾಟಿದೋರೂ, ನಿನ್ನ ಗೊರಕೆಗೇ ಒಂದಡಿ ಬೇಕಲ್ಲೋ, ಅದು ಎಲ್ಲಿ ಮಲಗಬೇಕೂ? ಕಾಲ ಕಡೆಗೂ ಎತ್ತರದ ಹಲಗೆ ಹೊಡಿಸೂ, ಹೊದಿಕೆ ಜಾರಲ್ಲಾ. ಹೊಡೆಸಿದ. ಬಡಗಿಯ ದನಿಯೂ ಬರುತ್ತದೆ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಮಾತಾಡುವವನು, ತುಟಿ ಬಿಗಿದು — ಅಣ್ಣಾ, ಕಳಚೋ ಹಂಗೆ ಮಾಡ್ಲಾ, ಒಟ್ಟಿಗೇ ಬಿಗಿದುಬಿಡ್ಲಾ? ಬಿಗಿದುಬಿಡಪ್ಪ, ಕಿರ್ರ್ ಅನ್ನಬಾರದು, ಈ ವಯಸ್ಸಿನಲ್ಲಿ ಮಂಚ ಮಾತಾಡಿದ್ರೆ ಪಕ್ಕದ ಮನೆಯೋರು ಉತ್ತರ ಕೊಡ್ತಾರೆ. ನಗು ತಡೆಯಲಾರದೆ ಬಡಗಿ ಮೊಳೆ ನುಂಗುವುದರಲ್ಲಿದ್ದ, ಹಲಗೆಗಳನ್ನು ಒಂದೊಂದಾಗಿ ಒಳಗೆ ತಂದು ಇಲ್ಲೇ ಅಂಟು ಹಾಕಿ ಗೂಟ ಬಡಿದು, ನಿನ್ನೆ ಹೊರಡುವಾಗ ಒಮ್ಮೆ ಬಾಗಿಲನ್ನು ಒಮ್ಮೆ ಮಂಚವನ್ನು ನೋಡಿ, ಇನ್ನು ಇದು ಹೊರಗೆ ಬರಬೇಕಂದ್ರೆ ಗೋಡೆ ಒಡೀಬೇಕಣ್ಣಾ, ಇಲ್ಲಾ ಮಂಚ ಒಡೀಬೇಕು. ಹೊರಗೆ ಯಾಕಪ್ಪ ಬರಬೇಕು, ಅದೇನು ಹಾಲು ತರೋಕೆ ಹೋಗುತ್ತಾ?

ಅಗಲ ಒಂಬತ್ತು, ಅದರಲ್ಲಿ ಮಂಚಕ್ಕೆ ಆರು ಕಳೆದರೆ ಮೂರು, ನಟ್ಟನಡುವೆ ಇಟ್ಟರೆ ಆಚೆ ಒಂದೂವರೆ ಈಚೆ ಒಂದೂವರೆ, ರಾಜಬೀದಿ! ಬಸ್ಸಿನ ಸೀಟುಗಳ ನಡುವಿನ ದಾರಿ ಅಷ್ಟೂ ಇಲ್ಲ, ಅದರಲ್ಲೇ ಚೀಲ, ಮಗು, ಕೊಡೆ, ಒಮ್ಮೆ ಒಂದು ಹೊಲಿಗೆ ಯಂತ್ರ ಎಲ್ಲವನ್ನೂ ದಾಟಿ ಹಿಂದಿನ ಸೀಟಿನ ತನಕ ಟಿಕೆಟ್ ಹರಿದವನು ಅವನು. ಬೀರು ಕಾಲ ಕಡೆಯ ಗೋಡೆಗೆ, ಬಾಗಿಲ ಪಕ್ಕ, ಅದರ ಬಾಗಿಲು ಪೂರ್ತಿ ತೆರೆದರೂ ಮಂಚಕ್ಕೆ ಇನ್ನೂ ನಾಲ್ಕು ಬೆರಳು ಉಳಿಯುತ್ತದೆ. ಪುಟ್ಟ ಮೇಜು ಹಜಾರಕ್ಕೆ ಹೋಯಿತು, ಬದಲಿಗೆ ತಲೆಯ ಮೇಲೆ ಗೋಡೆಗೆ ಎರಡು ಹಲಗೆ, ಒಂದರಲ್ಲಿ ಆಕೆಯ ಕನ್ನಡಕ, ಇನ್ನೊಂದರಲ್ಲಿ ಅವನ ಅಲಾರಾಂ, ಕನ್ನಡಿ ಬಾಗಿಲ ಹಿಂದೆ, ಮಡಚುವ ಕುರ್ಚಿ ಮೊಳೆಗೆ, ಮಂಚದ ಕಾಲು ನಾಲ್ಕು ಬೆರಳು ಎತ್ತರ ಮಾಡಿಸಿದ್ದರಿಂದ ಎರಡು ಟ್ರಂಕು ಅದರ ಕೆಳಗೆ, ನಿಂತವರೆಲ್ಲ ಕಂಬಿ ಹಿಡ್ಕೊಳ್ರಪ್ಪಾ, ನೆಲ ಖಾಲಿ ಬಿಡ್ರೀ. ಒಳಗೆ ಖಾಲಿ ಇದೆ, ಒಳಗೆ ಸರೀರಿ — ಆಕೆಗೆ ಅವನು ಆಡಿದ ಮೊದಲ ಮಾತೂ ಇದೇ, ಎಂಟೂ ನಲವತ್ತರ ಬಸ್ಸು, ಕಿಟಕಿ ಸೀಟು ಖಾಲಿ ಇದ್ದರೂ ದಾರಿಯ ಅಂಚಿನಲ್ಲೇ ಕೂತ ಹೆಂಗಸು. ನಾನು ಸರಿಯಲ್ಲ, ಬೇಕಾದೋರು ದಾಟಿ ಹೋಗ್ಲಿ. ಸರಿಯಲ್ಲ ಅನ್ನೋದು ಸರಿಯಲ್ಲ ಮೇಡಂ. ಸರಿಯೋ ತಪ್ಪೋ, ಸರಿಯಲ್ಲ. ಎರಡು ವರ್ಷ ಬಸ್ಸಿಗೆ ಬಸ್ಸೇ ಕಿವಿ ನಿಮಿರಿಸಿ ಕೇಳಿದ ಜಗಳ, ಡಿಪೋದಲ್ಲಿ ಅವನು ಆಕೆಯ ನಡಿಗೆಯನ್ನೂ ಆಡಿ ತೋರಿಸಿದ್ದ, ಬಲಮಂಡಿ ಮಡಚದ ನಡಿಗೆ, ಕಾಲನ್ನು ಹೊರಗೆ ಬೀಸಿ ಇಡುವುದು, ಡ್ರೈವರುಗಳು ಹೊಟ್ಟೆ ಹಿಡಿದುಕೊಂಡರು. ಮೂರನೆಯ ವರ್ಷ ಅದೇ ಅಂಚಿನ ಸೀಟಿಗೆ ತನ್ನ ಚೀಲ ಇಟ್ಟು ಕಾಯತೊಡಗಿದ, ಯಾಕೆ ಅಂದರೆ ಗೊತ್ತಿಲ್ಲ, ಡ್ರೈವರ್ ಕನ್ನಡಿಯಲ್ಲಿ ನೋಡಿ ಪೋಂಯ್ ಎಂದು ಹಾರ್ನ್ ಒತ್ತಿದ. ಕೊನೆಯ ಸ್ಟಾಪಿನಲ್ಲಿ, ಖಾಲಿ ಬಸ್ಸಿನಲ್ಲಿ, ಆಕೆ ತಾನಾಗಿ ಹೇಳಿದ್ದು — ಹತ್ತೊಂಬತ್ತು ವರ್ಷ ಗೋಡೆ ಕಡೆ ಮಲಗಿದೆ ಕಣ್ರೀ, ಹೊರಗಿನ ಅಂಚು ನಮ್ಮ ಯಜಮಾನರದ್ದು, ಅವರು ಕೆಟ್ಟೋರೇನಲ್ಲ, ನಿದ್ದೆ ಗಟ್ಟಿ, ಎಬ್ಬಿಸಿದ್ರೆ ಮಾರನೇ ದಿನ ಪೂರ್ತಿ ಗೊಣಗು, ದಾಟೋಣ ಅಂದ್ರೆ ಈ ಮಂಡಿ. ಕಾಯ್ತಿದ್ದೆ. ಕಾಯ್ತಾ ಕಾಯ್ತಾ ಉಗುರಲ್ಲಿ ಗೋಡೆ ಕೆರೀತಿದ್ನಂತೆ, ನನಗೇ ಗೊತ್ತಿಲ್ಲ, ಅವರು ಹೋದ್ಮೇಲೆ ಮನೆ ಖಾಲಿ ಮಾಡಿದ ದಿನ ನೋಡ್ತೀನಿ, ದಿಂಬಿನ ಪಕ್ಕ ಗುಳಿ, ಹೆಬ್ಬೆಟ್ಟಿಟ್ರೆ ಸರಿಯಾಗಿ ಕೂರುತ್ತೆ. ಹೆಬ್ಬೆಟ್ಟು ಎತ್ತಿ ತೋರಿಸಿದಳು. ಇಳಿಯುವಾಗ ಅವನು ಆಕೆಯ ಚೀಲ ಹಿಡಿದುಕೊಂಡ.

ಮೂರೂ ಕಾಲು. ಒಂದು ಟ್ರಯಲ್ ಆಗಲಿ ಎಂದು ಆಕೆಯ ಕಡೆಯ ಸಂದಿಗೆ ನುಗ್ಗುತ್ತಾನೆ, ಎಡಭುಜ ಮುಂದೆ, ಹೊಟ್ಟೆ ಒಳಗೆ, ಸುಯ್ಯನೆ ಮಂಚದ ತಲೆಯ ತನಕ, ಸುಯ್ಯನೆ ವಾಪಸು, ಬೆಣ್ಣೆಯಲ್ಲಿ ಚಾಕು, ಇದಕ್ಕಿಂತ ಏನು ಬೇಕು — ಆಕೆ ಹೇಗೆ ಬರುತ್ತಾಳೆ? ಹಾಸಿಗೆಯ ಮೇಲಿದ್ದ ತನ್ನ ಚೀಲವನ್ನೇ ಆಕೆಯ ಹಾಗೆ ಹೆಗಲಿಗೆ ಹಾಕಿ, ಮೊಣಕೈ ಹೊರಗೆ, ಬಲಮಂಡಿ ಬಿಗಿದು, ಡಿಪೋದಲ್ಲಿ ನಗಿಸಿದ ಅದೇ ನಡಿಗೆಯನ್ನು ಈ ಸಲ ನಗದೆ ನಡೆದ, ಎರಡನೆಯ ಹೆಜ್ಜೆಗೇ ಕಾಲು ಗೋಡೆಗೆ ತಾಗಿತು. ಅಂಚಿನಲ್ಲಿ ಕೂತು ಇಳಿಯಲು ನೋಡಿದ, ಮಡಚದ ಕಾಲು, ಹಿಮ್ಮಡಿ ಗೋಡೆಗೆ ಢಬ್. ಮತ್ತೆ. ಢಬ್. ಟೇಪು ಸರಿಯಾಗಿಯೇ ಅಳೆದಿತ್ತು, ದಾರಿಯನ್ನು ಮಾತ್ರ ಅವನು ತನ್ನ ಮೈಯಿಂದ ಅಳೆದುಬಿಟ್ಟಿದ್ದ, ಇಪ್ಪತ್ತಾರು ವರ್ಷ ಓರೆಯಾಗಿಯೇ ನಡೆದ ಮೈ, ಅದಕ್ಕೆ ನೇರ ನಡೆಯುವವರ ಸಂಗತಿ ಏನು ಗೊತ್ತು. ಮಂಚವನ್ನು ಅಡ್ಡ ತಿರುಗಿಸಿದರೆ ಬಾಗಿಲು ತೆರೆಯದು. ಹೊರಗೆ ತರಲು ಗೋಡೆ ಒಡೆಯಬೇಕು. ನಾಲ್ಕು ಗಂಟೆಗೆ ಆಕೆ ಆ ಸಂದಿಯಲ್ಲಿ ಒಮ್ಮೆ ಕಾಲು ತಾಗಿಸಿಕೊಂಡರೆ ಸಾಕು, ಚೀಲ ಸರಿಮಾಡಿಕೊಂಡು ನಡೆಯುತ್ತಾಳೆ, ಆ ಬೆನ್ನು ಅವನಿಗೆ ಈಗಲೇ ಕಾಣುತ್ತದೆ — ಛೆ, ಕಂಡಕ್ಟರ್ ಇರೋದು ಯಾತಕ್ಕೆ? ಬೆನ್ನು ಮಂಚಕ್ಕೆ ಕೊಟ್ಟು ಅಂಗಾಲನ್ನು ಗೋಡೆಗೆ ಒತ್ತಿ, ರೈಟ್, ರೈಟ್, ಇನ್ನೂ ಸ್ವಲ್ಪ, ರೈಟ್, ಹೊಸ ಮಂಚ ಚಕಾರ ಎತ್ತದೆ ಸರಿದು ಎದುರು ಗೋಡೆಗೆ ಅಂಟಿತು, ಭೇಷ್ ಬಡಗಿ! ಆಕೆಯ ಕಡೆ ಈಗ ಪೂರ್ತಿ ಮೂರಡಿ. ಆಕೆಯಾಗಿ ನೇರ ನಡೆದ, ಆಕೆಯಾಗಿ ಕೂತ, ಕಾಲು ಚಾಚಿದ, ಹಿಮ್ಮಡಿ ನೆಲಕ್ಕೆ ಇಳಿಯಿತು, ಎದ್ದ. ಹೂಂ ಅನ್ನಿಸಲೇಬೇಕು.

ಇನ್ನು ತನ್ನ ಜಾಗ. ರಜಾಯಿಯನ್ನು ಸುರುಳಿ ಸುತ್ತಿ ಆಕೆಯ ಕಡೆ ಮಲಗಿಸಿ, ಅದನ್ನು ದಾಟಿ ಗೋಡೆಯ ಕಡೆ ಉರುಳಿಕೊಂಡ, ಜೀವಮಾನವೆಲ್ಲ ಊರಿಗೇ ಒಳಗೆ ಸರೀರಿ ಅಂದವನು ಕೊನೆಗೂ ಒಳಗೆ ಸರಿದ, ಚೆನ್ನಾಗಿದೆ, ತಂಪು, ಗೋಡೆ ಮೂಗಿನಿಂದ ಒಂದು ಟಿಕೆಟ್ಟಿನಷ್ಟು ದೂರ, ಕಾಲ ಕಡೆ ಅಕ್ಕನ ಹಲಗೆ, ತಲೆಯ ಕಡೆ ಹಲಗೆ, ಈಚೆ ಸುರುಳಿ, ಅದು ಮಲಗಿದೆ, ಎಬ್ಬಿಸುವಂತಿಲ್ಲ, ಎದ್ದು ಒಂದು ಲೋಟ ನೀರು ಕುಡಿಯಬೇಕು ಅನ್ನಿಸಿತೆಂದು ಇಟ್ಟುಕೊಳ್ಳೋಣ, ಹೊದಿಕೆ ಎಳೆದರೆ ಅದರ ಮೇಲಿನದೂ ಬರುತ್ತದೆ, ಕೈಯೂರಿದರೆ ಹಾಸಿಗೆ ಅಲ್ಲಾಡುತ್ತದೆ, ಅಲ್ಲಾಡಬಾರದು, ಸರಿ, ಕಾಯುತ್ತಾನೆ, ಅದರಲ್ಲೇನು, ಇದು ಅವನ ಸೀಟು, ಅವನೇ ಹಿಡಿದದ್ದು, ಬಿಡುವುದಿಲ್ಲ — ಎಷ್ಟು ಹೊತ್ತು ಕಾಯ್ತಿದ್ರಿ ಎಂದು ಆಕೆಯನ್ನು ಕೇಳಲೇ ಇಲ್ಲ, ಒಂದು ಗಂಟೆಯೋ, ಬೆಳಗಾಗುವ ತನಕವೋ — ಅಲಾರಾಂ ಟಿಕ್ ಟಿಕ್ ಅನ್ನುತ್ತದೆ, ಸುರುಳಿ ಅಲ್ಲಾಡುವುದಿಲ್ಲ, ಬಲಗೈ ಎಲ್ಲಿ ಹೋಯಿತು, ಗೋಡೆಯ ಮೇಲಿದೆ, ಯಾವಾಗ ಹೋಯಿತು, ಅವನೇನೂ ಹೇಳಲಿಲ್ಲ ಅದಕ್ಕೆ, ತೋರುಬೆರಳು ಮೆಲ್ಲಗೆ, ಒಂದೇ ಕಡೆ, ಕೆಳಗೆ, ಮೇಲೆ, ಕೆಳಗೆ — ಬೆರಳನ್ನು ಕಣ್ಣ ಹತ್ತಿರ ತಂದ, ಉಗುರಿನ ಸಂದಿಯಲ್ಲಿ ಸುಣ್ಣ, ಎಳ್ಳುಕಾಳಿನಷ್ಟು, ಬಿಳಿ, ಗೇಟು ಕಿರ್ರ್ ಅಂದಿತು, ಉಗುರಿನ ಸಂದಿಯಲ್ಲಿ ಸುಣ್ಣ, ಉಗುರಿನ ಸಂದಿಯಲ್ಲಿ —